ಶ್ರೀಲಂಕಾದ ಭತ್ತದ ಗದ್ದೆಯಲ್ಲಿ ಆಗಿದ್ದೇನು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ರಾಸಾಯನಿಕ ಗೊಬ್ಬರವನ್ನು ಸರ್ಕಾರ ಒಂದೇ ಏಟಿಗೆ ನಿಷೇಧಿಸಬೇಕಂತೆ, ಆಗ ರೈತರು ತಾವಾಗಿಯೇ ಸಾವಯವದ ದಾರಿಗೆ ಬರುತ್ತಾರಂತೆ. ಓದಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ಯಾಕೆಂದರೆ ಇದನ್ನು ಒಂದು ದೇಶ ಆಗಲೇ ಮಾಡಿ ನೋಡಿಬಿಟ್ಟಿದೆ. ರಾಮೇಶ್ವರದಿಂದ ದೋಣಿಯಲ್ಲಿ ಹೋಗುವಷ್ಟು ಹತ್ತಿರದ ಶ್ರೀಲಂಕಾ. ಅದೂ ಮೊನ್ನೆ ಮೊನ್ನೆ, 2021ರಲ್ಲಿ. ಅಷ್ಟು ಬೇಗ ಹೇಗೆ ಮರೆತುಬಿಟ್ಟೆವು?

ನಾನು ಕಾರಟಗಿ ಕಡೆಯ ಭತ್ತದ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎಂಟು ಎಕರೆ ಗದ್ದೆ. ಗೊಬ್ಬರ ಕಂಪನಿಯವರು ನನಗೆ ಒಂದು ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಸಾವಯವದ ಮೇಲೆ ಸಿಟ್ಟೂ ಇಲ್ಲ. ಆದರೆ ಲಂಕೆಯಲ್ಲಿ ನಡೆದದ್ದನ್ನು ಆಗ ದಿನಾ ಓದುತ್ತಿದ್ದೆ, ಟಿವಿಯಲ್ಲಿ ನೋಡುತ್ತಿದ್ದೆ. ಭತ್ತ ಬೆಳೆಯುವವನಿಗೆ ಅದು ಪರದೇಶದ ಸುದ್ದಿ ಅನ್ನಿಸುವುದಿಲ್ಲ, ಪಕ್ಕದ ಹೊಲದ್ದು ಅನ್ನಿಸುತ್ತದೆ.

ಲಂಕೆಯವರು ಮೂರು ಹೊತ್ತೂ ಅನ್ನ ತಿನ್ನುವ ಜನ. ಎದುರು ಸಿಕ್ಕವರನ್ನು ಸಿಂಹಳದಲ್ಲಿ 'ಬತ್ ಕ್ಯಾವದ' ಅಂತ ಕೇಳುತ್ತಾರೆ, ಅನ್ನ ತಿಂದೆಯಾ ಅಂತ. ನಮ್ಮ 'ಊಟ ಆಯ್ತಾ' ಇದೆಯಲ್ಲ, ಹಾಗೆ. ಸುಮಾರು 2.2 ಕೋಟಿ ಜನರ ಈ ದೇಶ ತನಗೆ ಬೇಕಾದ ಅಕ್ಕಿಯನ್ನು ಹೆಚ್ಚುಕಮ್ಮಿ ತಾನೇ ಬೆಳೆದುಕೊಳ್ಳುತ್ತಿತ್ತು. ವರ್ಷಕ್ಕೆ ಎರಡು ಬೆಳೆ. ದೊಡ್ಡದು ಮಹಾ, ಸೆಪ್ಟೆಂಬರ್-ಅಕ್ಟೋಬರಿಗೆ ಬಿತ್ತಿ ಫೆಬ್ರುವರಿ-ಮಾರ್ಚಿಗೆ ಕೊಯ್ಯುವುದು. ಚಿಕ್ಕದು ಯಾಲ. ಅನುರಾಧಪುರ, ಪೊಲೊನ್ನರುವ ಕಡೆ ನೂರಾರು ವರ್ಷಗಳ ಹಿಂದೆ ರಾಜರು ಕಟ್ಟಿಸಿದ ಕೆರೆಗಳೇ ಇವತ್ತಿಗೂ ಗದ್ದೆಗೆ ನೀರು ಕೊಡುತ್ತವೆ. ಅಂದರೆ ಕೆರೆ ಇತ್ತು, ಮಳೆ ಬಂದಿತ್ತು, ಗದ್ದೆ ಇತ್ತು, ಉಳುವವನೂ ಇದ್ದ. ಬರ ಬಿದ್ದು ಆದ ಕೊರತೆಯಲ್ಲ ಇದು. ಕೊಲಂಬೊದ ಕಚೇರಿಯಲ್ಲಿ ಬರೆದ ಆದೇಶದಿಂದ ಆದದ್ದು.

ಆದೇಶ ಸುಮ್ನೆ ಬರಲಿಲ್ಲ. 2019ರ ಅಧ್ಯಕ್ಷ ಚುನಾವಣೆಯಲ್ಲಿ ಗೋಟಬಯ ರಾಜಪಕ್ಸ ಹತ್ತು ವರ್ಷದಲ್ಲಿ ದೇಶವನ್ನು ಸಾವಯವಕ್ಕೆ ತರುತ್ತೇವೆ ಅಂದಿದ್ದರು. ಹತ್ತು ವರ್ಷ, ನೆನಪಿರಲಿ. ಗೆದ್ದ ಕೂಡಲೇ ತೆರಿಗೆ ಇಳಿಸಿದರು, ವ್ಯಾಟ್ ಶೇ 15ರಿಂದ ಶೇ 8ಕ್ಕೆ ಬಂತು, ಬೊಕ್ಕಸ ಬರಿದಾಯಿತು. ಅದಕ್ಕೂ ಮೊದಲೇ 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ದಾಳಿಯಿಂದ ಪ್ರವಾಸಿಗರು ಕಡಿಮೆಯಾಗಿದ್ದರು, ಹಿಂದೆಯೇ ಕೊರೊನಾ ಬಂದು ಪೂರ್ತಿ ನಿಂತೇ ಹೋದರು. ಹೊರಗಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಡಾಲರ್ ಮುಗಿಯುತ್ತಾ ಬಂತು. ಗೊಬ್ಬರ ಹೆಚ್ಚುಕಮ್ಮಿ ಎಲ್ಲ ಹೊರಗಿಂದ ಬರಬೇಕು, ಅದಕ್ಕೆ ಡಾಲರ್ ಬೇಕು, ಮೇಲೆ ರೈತರಿಗೆ ಸಬ್ಸಿಡಿ ಬೇರೆ. ಆಗ ಯಾರಿಗೋ ಈ ಹತ್ತು ವರ್ಷದ ಮಾತು ನೆನಪಾಯಿತು. 2021ರ ಮೇ ತಿಂಗಳಲ್ಲಿ ಗೆಜೆಟ್ ಹೊರಡಿಸಿ ರಾಸಾಯನಿಕ ಗೊಬ್ಬರ, ಕೀಟನಾಶಕ ಎಲ್ಲದರ ಆಮದು ಬಂದ್ ಮಾಡಿದರು. ಜನರ ಆರೋಗ್ಯಕ್ಕಾಗಿ ಅಂದರು. ಅನುರಾಧಪುರದ ಕಡೆ ರೈತರಿಗೆ ಕಿಡ್ನಿ ಕಾಯಿಲೆ ಇರುವುದು ನಿಜ, ಅದರ ಚಿಂತೆಯೂ ನಿಜವೇ ಇರಬಹುದು. ಆದರೆ ನನ್ನ ಲೆಕ್ಕದಲ್ಲಿ ಖಾಲಿ ಜೇಬಿಗೆ ಹಸಿರು ಬಣ್ಣ ಬಳಿದದ್ದು ಇದು.

ಈಗ ನಿಮ್ಮ ಓದುಗರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಯೂರಿಯಾ ಚೀಲ 45 ಕೆಜಿ. ಅದರಲ್ಲಿ ಸಾರಜನಕ ಶೇ 46, ಅಂದರೆ ಹತ್ತಿರ ಹತ್ತಿರ 20 ಕೆಜಿ. ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರದಲ್ಲಿ ಸಾರಜನಕ ಇರುವುದು ನೂರಕ್ಕೆ ಅರ್ಧ. ಅದೇ 20 ಕೆಜಿ ಬೇಕಾದರೆ 4 ಟನ್ ತಿಪ್ಪೆಗೊಬ್ಬರ ಹಾಕಬೇಕು. ಹಾಕಿದರೂ ಅಷ್ಟೂ ಆ ವರ್ಷವೇ ಪೈರಿಗೆ ಸಿಗುವುದಿಲ್ಲ, ನಿಧಾನಕ್ಕೆ ಬಿಡುತ್ತದೆ. ಒಂದು ಚೀಲ ಯೂರಿಯಾವನ್ನು ನನ್ನ ಮಗ ಬೈಕಿನ ಹಿಂದೆ ಕಟ್ಟಿಕೊಂಡು ಬಂದುಬಿಡುತ್ತಾನೆ. 4 ಟನ್ ಗೊಬ್ಬರಕ್ಕೆ ಟ್ರ್ಯಾಕ್ಟರ್ ಬೇಕು, ತುಂಬಲು ಆಳು ಬೇಕು, ಚೆಲ್ಲಲು ಆಳು ಬೇಕು, ಎಲ್ಲಕ್ಕಿಂತ ಮೊದಲು ದನ ಬೇಕು. ನಮ್ಮ ಓಣಿಯಲ್ಲಿ ನಾನು ಹುಡುಗನಾಗಿದ್ದಾಗ ಎಲ್ಲರ ಮನೆ ಮುಂದೂ ಎತ್ತು ಕಟ್ಟಿರುತ್ತಿದ್ದವು. ಈಗ ಮೂರು ಮನೆಯಲ್ಲಿವೆ. ಇದು ಒಂದು ಚೀಲದ ಮಾತು. ಒಂದು ದೇಶದ ಲಕ್ಷಾಂತರ ಎಕರೆಗೆ, ಐದು ತಿಂಗಳಲ್ಲಿ, ಅಷ್ಟು ಗೊಬ್ಬರ ಎಲ್ಲಿಂದ ತರುತ್ತೀರಿ?

ಯೂರಿಯಾ ಇಲ್ಲದ ಭತ್ತ ಹೇಗಿರುತ್ತದೆ ಅಂತ ನನ್ನ ಗದ್ದೆಯಲ್ಲೇ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಮಗ ಯಾವುದೋ ವಿಡಿಯೊ ನೋಡಿ ಹಟ ಹಿಡಿದ. ಆಗಲಿ ಅಂತ ಕಾಲುವೆ ಬದಿಯ ಅರ್ಧ ಎಕರೆಗೆ ಬರೀ ತಿಪ್ಪೆಗೊಬ್ಬರ ಹಾಕಿದೆವು, ಅದೂ ಸಿಕ್ಕಷ್ಟು. ನಾಟಿ ಮಾಡಿ ಇಪ್ಪತ್ತು ದಿನಕ್ಕೆ ಪಕ್ಕದ ಮಡಿ ಕಪ್ಪು ಹಸಿರಾಗಿ ಮೇಲೆದ್ದಿತ್ತು. ಇದರ ಕೆಳಗಿನ ಎಲೆಗಳು ತುದಿಯಿಂದ ಹಳದಿ ತಿರುಗತೊಡಗಿದವು. ಕೂತು ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಎಣಿಸಿದೆ. ಪಕ್ಕದ ಮಡಿಯಲ್ಲಿ ಬುಡಕ್ಕೆ ಹದಿನೈದು, ಹದಿನಾರು. ಇಲ್ಲಿ ಏಳು, ಎಂಟು. ತೆಂಡೆ ಎಷ್ಟೋ ತೆನೆ ಅಷ್ಟೇ, ಆ ಹೊತ್ತು ದಾಟಿದ ಮೇಲೆ ಏನು ಸುರಿದರೂ ಹೊಸ ತೆಂಡೆ ಬರುವುದಿಲ್ಲ. ಕಟಾವಿಗೆ ಬಂದ ಮಷಿನ್ ಡ್ರೈವರ್ ಒಂದು ಸುತ್ತು ಹೊಡೆದು ಇಳಿದು ಬಂದು, 'ಏನಣ್ಣ, ಟ್ಯಾಂಕ್ ತುಂಬ್ತಾನೇ ಇಲ್ಲ' ಅಂದ. ಉಳಿದ ಗದ್ದೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು ಅಷ್ಟೇ. ನನಗೆ ನಷ್ಟ ಅರ್ಧ ಎಕರೆಯದ್ದು, ಮಗನಿಗೆ ಎರಡು ಮಾತು ಅಂದು ಸುಮ್ಮನಾದೆ. ಲಂಕೆಯ ರೈತನಿಗೆ ಅದು ಇದ್ದಬದ್ದ ಗದ್ದೆಯೆಲ್ಲ.

ಅಲ್ಲಿ ಮುಂದೆ ನಡೆದದ್ದು ಕೇಳಿದರೆ ಅಳಬೇಕೋ ನಗಬೇಕೋ ಗೊತ್ತಾಗುವುದಿಲ್ಲ. ಸಾವಯವ ಗೊಬ್ಬರ ಸಾಲದು ಅಂತ ಅದನ್ನೂ ಹೊರಗಿಂದಲೇ ತರಿಸಲು ಹೊರಟರು! ಚೀನಾದಿಂದ ಹಡಗು ಹೊರಟಿತು. ಮಾದರಿ ಪರೀಕ್ಷೆ ಮಾಡಿದ ಲಂಕೆಯ ತಜ್ಞರು ಇದರಲ್ಲಿ ಬೆಳೆಗೆ ರೋಗ ತರುವ ಬ್ಯಾಕ್ಟೀರಿಯಾ ಇದೆ ಅಂದರು. ಕಂಪನಿ ಒಪ್ಪಲಿಲ್ಲ. ಹಡಗು ವಾರಗಟ್ಟಲೆ ಸಮುದ್ರದಲ್ಲೇ ಸುತ್ತಿತು. ಕೊನೆಗೆ ಗೊಬ್ಬರ ಇಳಿಯಲೇ ಇಲ್ಲ, ಆದರೂ 67 ಲಕ್ಷ ಡಾಲರ್ ಕೊಡಬೇಕಾಯಿತು. ಡಾಲರ್ ಉಳಿಸಲು ಹೋದವರ ಕಥೆ ಇದು. ನವೆಂಬರ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ನ್ಯಾನೊ ಯೂರಿಯಾ ಅನ್ನುವ ದ್ರವ ಗೊಬ್ಬರ ಹೊತ್ತು ಕೊಲಂಬೊಗೆ ಹೋದವು. ಅದೇ ತಿಂಗಳ ಕೊನೆಗೆ ನಿಷೇಧ ವಾಪಸ್ ಪಡೆದರು. ಅಷ್ಟೊತ್ತಿಗೆ ಮಹಾ ಬಿತ್ತನೆ ಆಗಿಹೋಗಿತ್ತು, ಅಂಗಡಿಯಲ್ಲಿ ಗೊಬ್ಬರವೇ ಇರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಆಮೇಲೆ ಸಿಕ್ಕ ಯೂರಿಯಾ ಚೀಲಕ್ಕೆ ಹತ್ತಾರು ಸಾವಿರ ರೂಪಾಯಿ ಆಗಿತ್ತು, ಅವರ ರೂಪಾಯಿ ಲೆಕ್ಕದಲ್ಲಿ.

ಆ ಮಹಾ ಬೆಳೆ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಕುಸಿಯಿತು. ಸದಾ ಅಕ್ಕಿ ಮಾರುತ್ತಿದ್ದ ರೈತನೇ ಅಂಗಡಿಯಲ್ಲಿ ಅಕ್ಕಿ ಕೊಳ್ಳುವ ಹಾಗಾಯಿತು. ದೇಶ ಲಕ್ಷಗಟ್ಟಲೆ ಟನ್ ಅಕ್ಕಿ ಹೊರಗಿಂದ ತರಿಸಿತು, ಅದಕ್ಕೂ ಡಾಲರ್ ಕೊಟ್ಟು, ಸಾಲ ಮಾಡಿ. ಚಹಾ ತೋಟಕ್ಕೂ ಗೊಬ್ಬರ ಇಲ್ಲದೆ ಎಲೆ ಕಡಿಮೆಯಾಯಿತು, ಚಹಾ ಮಾರಿ ಬರುತ್ತಿದ್ದ ಡಾಲರೂ ಕಡಿಮೆಯಾಯಿತು. ಒಂದು ಕಡೆ ಉಳಿಸಿದ್ದು ಎರಡು ಕಡೆ ಸೋರಿತು.

ಕೊಯ್ಲಿಗೆ ಆರು ತಿಂಗಳು ಮೊದಲೇ ಪೇಟೆಗೆ ವಾಸನೆ ಹತ್ತಿತ್ತು. 2021ರ ಆಗಸ್ಟ್ ಕೊನೆಗೆ ಆಹಾರದ ತುರ್ತುಸ್ಥಿತಿ ಘೋಷಿಸಿ, ಸೇನೆಯ ಮೇಜರ್ ಜನರಲ್ ಒಬ್ಬರಿಗೆ ಅಗತ್ಯ ವಸ್ತುಗಳ ಉಸ್ತುವಾರಿ ಕೊಟ್ಟರು. ಅಕ್ಕಿಗೆ ದರ ಕಟ್ಟಿದರು. ದರ ಕಟ್ಟಿದ ಕೂಡಲೇ ಅಕ್ಕಿ ಅಂಗಡಿಯಿಂದ ಮಾಯ. ಒಂದು ತಿಂಗಳೊಳಗೆ ದರದ ಕಟ್ಟು ಬಿಚ್ಚಿದರು, ಬೆಲೆ ಹಾರಿತು. ನಮ್ಮ ಕಡೆ ಅಕ್ಕಿ ಗಿರಣಿಗಳ ನಡುವೆಯೇ ಬದುಕಿರುವ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಾಳೆ ಬೆಲೆ ಏರುತ್ತದೆ ಅಂತ ಗೊತ್ತಿದ್ದವನು ಇವತ್ತು ಗೋದಾಮಿನ ಬಾಗಿಲು ತೆಗೆಯುತ್ತಾನಾ?

ಇದು ಬರೀ ಅಕ್ಕಿಯಲ್ಲಿ ಮುಗಿಯಲಿಲ್ಲ. ಅಕ್ಕಿ ಸಿಕ್ಕವರಿಗೆ ಬೇಯಿಸಲು ಗ್ಯಾಸ್ ಸಿಗಲಿಲ್ಲ. ಮಕ್ಕಳಿಗೆ ಹಾಲಿನ ಪುಡಿ ಇಲ್ಲ. 2022ರ ಮಾರ್ಚ್‌ನಲ್ಲಿ ಕಾಗದ ಇಲ್ಲ ಅಂತ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದರು. ಅದೇ ತಿಂಗಳು 22ರಂದು ದೋಣಿ ಹತ್ತಿ 16 ಮಂದಿ, ಕೈಕೂಸುಗಳ ಸಮೇತ, ತಮಿಳುನಾಡಿನ ದಂಡೆಗೆ ಬಂದು ಇಳಿದರು. ಯುದ್ಧದ ಕಾಲದಲ್ಲಿ ಗುಂಡಿಗೆ ಹೆದರಿ ಬರುತ್ತಿದ್ದ ದಾರಿಯಲ್ಲೇ ಈ ಸಲ ಅಕ್ಕಿಯ ಬೆಲೆಗೆ ಹೆದರಿ ಬಂದರು. ಆ ಸುದ್ದಿ ನೋಡಿದ ದಿನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಏಪ್ರಿಲ್‌ನಲ್ಲಿ ಸಾಲ ಕಟ್ಟುವುದಿಲ್ಲ ಅಂತ ಸರ್ಕಾರ ಕೈ ಎತ್ತಿತು. ಜೂನ್‌ನಲ್ಲಿ ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ ಕೊಟ್ಟು ಹಿತ್ತಲಲ್ಲಿ ತರಕಾರಿ ಬೆಳೆದುಕೊಳ್ಳಿ ಅಂದರು. ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿದರು. ಸೆಪ್ಟೆಂಬರ್‌ನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 94.9ರಷ್ಟು ಏರಿತ್ತು, ಅಂದರೆ ಹತ್ತಿರ ಹತ್ತಿರ ದುಪ್ಪಟ್ಟು. ಆ ವರ್ಷ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಹತ್ತು ಜನರಲ್ಲಿ ಮೂವರಿಗೆ ಸರಿಯಾದ ಊಟದ ಭರವಸೆ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಚಹಾ ತೋಟದ ಕೂಲಿಗಳಿಗೆ. ಅವರಿಗೆ ಒಂದು ಮಡಿ ಗದ್ದೆಯೂ ಇಲ್ಲ, ದಿನದ ಕೂಲಿಯಲ್ಲಿ ದಿನದ ಅಕ್ಕಿ ಕೊಂಡು ತಿನ್ನುವ ಜನ. ಆದೇಶ ಬರೆದವರ ಮನೆಯಲ್ಲಿ ಅನ್ನ ಬೇಯದೆ ಇದ್ದ ದಿನ ಒಂದಾದರೂ ಇತ್ತಾ?

ಗೊಬ್ಬರ ಮತ್ತೆ ಬಂತು, ಬೆಳೆಯೂ ಚೇತರಿಸಿತು. ಆದರೆ ಆ ಎರಡು ವರ್ಷ ಮೊಟ್ಟೆ, ಮೀನು, ಹಾಲು ಬಿಟ್ಟು ಬೆಳೆದ ಮಕ್ಕಳಿಗೆ ಆ ಎರಡು ವರ್ಷವನ್ನು ಯಾರು ವಾಪಸ್ ಕೊಡುತ್ತಾರೆ?

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. 2025ರ ಮುಂಗಾರಿನಲ್ಲಿ ನಮ್ಮ ಕಡೆ ಯೂರಿಯಾ ಸಿಗದೆ ಒದ್ದಾಡಿದೆವು. ಸೊಸೈಟಿ ಮುಂದೆ ಬೆಳಗಿನ ಜಾವ ನಾಲ್ಕಕ್ಕೇ ಚಪ್ಪಲಿ, ಕಲ್ಲು, ಖಾಲಿ ಚೀಲ ಸಾಲಿಗೆ ಇಟ್ಟು ಕಟ್ಟೆ ಮೇಲೆ ಕೂರುತ್ತಿದ್ದೆವು. ಆಧಾರ್ ಕಾರ್ಡಿಗೆ ಇಷ್ಟೇ ಚೀಲ ಅಂದರು. ನಾನು ನನ್ನ ಕಾರ್ಡು, ಹೆಂಡತಿಯ ಕಾರ್ಡು, ಅವ್ವನ ಕಾರ್ಡು ಎಲ್ಲ ತೋರಿಸಿ ತಂದೆ, ಬೇಕಾದದ್ದಕ್ಕಿಂತ ನಾಲ್ಕು ಚೀಲ ಜಾಸ್ತಿಯೇ ತಂದೆ. ಮುಂದಿನ ವಾರ ಸಿಗದಿದ್ದರೆ ಅನ್ನುವ ಭಯ. ಗಿರಣಿಯವನು ಗೋದಾಮಿಗೆ ಬೀಗ ಹಾಕಿದ ಅಂತ ಮೇಲೆ ಬರೆದೆನಲ್ಲ, ನಾನು ಮಾಡಿದ್ದು ಬೇರೆಯೇನಲ್ಲ. ನಮ್ಮ ದೇಶವೂ ಯೂರಿಯಾದ ಒಂದು ಪಾಲನ್ನು ಹೊರಗಿಂದ ತರಿಸುತ್ತದೆ, ಇಲ್ಲಿ ತಯಾರಾಗುವುದಕ್ಕೂ ಹೆಚ್ಚಿನ ಗ್ಯಾಸ್ ಹೊರಗಿಂದ ಬರಬೇಕು. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದೇ. ಹಾಗಾಗಿ ಕಡಿಮೆ ಮಾಡಿ ಅನ್ನುವ ಮಾತು ಸರಿಯೇ. ನಾವು ಎಕರೆಗೆ ಸುರಿಯುವುದು ಜಾಸ್ತಿ ಅಂತ ನಮಗೂ ಗೊತ್ತು. ಎಲೆ ಕಪ್ಪಗೆ ಕಂಡಷ್ಟೂ ಕಣ್ಣಿಗೆ ಸಮಾಧಾನ, ಆಮೇಲೆ ಅದೇ ಪೈರಿಗೆ ಜಿಗಿಹುಳು ಬಿದ್ದಾಗ ಔಷಧಿ ಅಂಗಡಿಗೆ ಓಡುವುದು.

ಆದರೆ ಕಡಿಮೆ ಮಾಡಿಸುವ ರೀತಿ ಇದೆ. ದನ ಸಾಕುವವನಿಗೆ ಏನಾದರೂ ಕೊಡಿ. ಹಸಿರು ಗೊಬ್ಬರಕ್ಕೆ ಹಾಕುವ ಸೆಣಬಿನ ಬೀಜ ಬಿತ್ತನೆಯ ಹೊತ್ತಿಗೆ ಸಿಗಲಿ, ನಾಟಿ ಮುಗಿದ ಮೇಲೆ ಬಂದರೆ ಏನು ಮಾಡುವುದು? ಮಣ್ಣು ಪರೀಕ್ಷೆಗೆ ಕೊಟ್ಟ ಮಾದರಿಯ ಫಲಿತಾಂಶ ಕೊಯ್ಲಿಗೆ ಮೊದಲಾದರೂ ಕೈಗೆ ಬರಲಿ, ನನ್ನದು ಒಮ್ಮೆ ಬರಲೇ ಇಲ್ಲ. ಮೊದಲ ವರ್ಷ ಇಳುವರಿ ಬಿದ್ದರೆ ಆ ನಷ್ಟ ಯಾರದ್ದು ಅಂತ ಮೊದಲೇ ಬರೆದುಕೊಡಿ.

ಮಗ ಹಟ ಬಿಟ್ಟಿಲ್ಲ. ಈ ಸಲ ಎರಡು ಎಕರೆಗೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚಿ, ಯೂರಿಯಾ ಅರ್ಧಕ್ಕೆ ಇಳಿಸಿದ್ದೇವೆ. ಪೂರ್ತಿ ಬಿಡುವುದಕ್ಕೆ ನಾನು ಒಪ್ಪಿಲ್ಲ, ಅದಕ್ಕೆ ಅವನಿಗೆ ಸಿಟ್ಟು. ಈಗ ತೆಂಡೆ ಹೊಡೆಯುವ ಹೊತ್ತು. ಮೊನ್ನೆ ಎಣಿಸಿದೆ, ಬುಡಕ್ಕೆ ಹದಿಮೂರು ಇವೆ. ಆ ಪತ್ರ ಬರೆದವರು ಈ ಕಡೆ ಬಂದರೆ ಅವರೂ ಎಣಿಸಬಹುದು, ಕೆಸರಿಗೆ ಇಳಿಯಲು ಪ್ಯಾಂಟ್ ಮಡಚಿಕೊಂಡರೆ ಸಾಕು.

ಇಂತಿ,
ಕಾರಟಗಿ ಕಡೆಯ ಒಬ್ಬ ಭತ್ತದ ರೈತ