ಭಾನುವಾರದ ಎಲ್‌ಇಡಿ ಕೆಲಸ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ 1 ವ್ಯಾಟ್ ಎಲ್‌ಇಡಿ ದೀಪ ಕಟ್ಟಲು ಬರುವವರಿಗೆ ಈ ಮಾತು. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್, 350 ಮಿಲಿಆಂಪ್ ಬೇಕು. 12 ವೋಲ್ಟ್ ಅಡಾಪ್ಟರ್‌ಗೆ ಮೂರನ್ನು ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಹಾಕಿದರೆ ಉಳಿದ 2.4 ವೋಲ್ಟ್ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ) ಮೇಲೆ ಬೀಳುತ್ತದೆ, ಹಾಗಾಗಿ 6.8 ಓಮ್, 2 ವ್ಯಾಟ್‌ನದ್ದೇ ತನ್ನಿ, ಕಾಲು ವ್ಯಾಟ್‌ನದು ಸುಟ್ಟು ಹೋಗುತ್ತದೆ. ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುವ ಸರ್ಕ್ಯೂಟ್) ಇದ್ದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಬಿಸಿಯಾದಷ್ಟೂ ಎಲ್‌ಇಡಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು), ಥರ್ಮಲ್ ಪೇಸ್ಟ್ (ಬಿಸಿಯನ್ನು ಅದಕ್ಕೆ ದಾಟಿಸುವ ಲೇಪ) ಇಲ್ಲದೆ ಸುಮ್ನೆ ನೋಡೋಣ ಅಂತ ಕೂಡ ಉರಿಸಬೇಡಿ. ಪ್ಲಸ್, ಮೈನಸ್ ಎರಡು ಸಲ ನೋಡಿ, ಆಮೇಲೆ ಸ್ವಿಚ್ ಹಾಕಿ. ಉರಿಯುವ ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸಬೇಡಿ, ಕಣ್ಣು ಮುಖ್ಯ ಅಲ್ವಾ. ಮನೆಯ 230 ವೋಲ್ಟ್ ಲೈನ್‌ಗೆ ನೇರ ಜೋಡಿಸುವ ಸರ್ಕ್ಯೂಟ್ ಯಾರೂ ತರಬೇಡಿ. ಡ್ರೈವರ್ ಬೇಕಾದವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಒಟ್ಟಿಗೆ ತರಿಸೋಣ.