ಕೊನೆಯ ಸಾಲಿನ ಆವರಣ ಹೋಯಿತು

2024–25ರ ಆಡಿಟ್ ಮುಗಿದಿದೆ. ಆದಾಯ-ವೆಚ್ಚ ಪಟ್ಟಿಯ ಕೊನೆಯ ಅಂಕಿಗೆ ಈ ಸಲ ಆವರಣ ಚಿಹ್ನೆ ಇಲ್ಲ. ಲೆಕ್ಕ ಓದಿ ರೂಢಿಯಿಲ್ಲದವರಿಗೆ ಹೇಳಬೇಕೆಂದರೆ, ಅಂಕಿ ಆವರಣದೊಳಗಿದ್ದರೆ ಅಷ್ಟು ಖೋತಾ. ಮನೆಗಳಿಗೇ ಹೋಗಿ ಕ್ಯಾನ್ಸರ್ ರೋಗಿಗಳ ನೋವು ನೋಡಿಕೊಳ್ಳುವ ನಮ್ಮ ಟ್ರಸ್ಟ್ ವರ್ಷಗಟ್ಟಲೆ ಆ ಎರಡು ಬಾಗಿದ ಗೆರೆಗಳ ನಡುವೆಯೇ ಇತ್ತು. ಹೇಗೆ ಅಲ್ಲಿಗೆ ಬಂದೆವು ಅನ್ನೋದು ನಿಮಗೆಲ್ಲ ಗೊತ್ತು, ಮತ್ತೆ ಬೇಡ.

ಸಂಬಳ ತಡವಾದರೂ ಬ್ಯಾಗ್ ಹೊತ್ತು ಹೊರಟ ನರ್ಸ್‌ಗಳು, ಡ್ರೈವರಣ್ಣ, ಉದ್ರಿ ಬರೆದುಕೊಂಡೇ ಔಷಧಿ ಕೊಟ್ಟ ಅಂಗಡಿಯವರು, ತಿಂಗಳಿಗೆ ಇನ್ನೂರು-ಐನೂರು ತಪ್ಪದೆ ಹಾಕಿದವರು, ಬೈದರೂ ಬಿಟ್ಟುಹೋಗದ ಆಡಿಟರ್, ನಿಮ್ಮೆಲ್ಲರಿಗೂ ಕೈಮುಗಿದು ವಂದನೆ.

ಇನ್ನು ಲೆಕ್ಕದ ಅಕ್ಕ. ಹೆಸರು ಹಾಕಿದರೆ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದಾರೆ, ಹಾಕುವುದಿಲ್ಲ.

ಮನೆಭೇಟಿ ನಿಲ್ಲಿಸುವ ಪತ್ರ ಟೈಪಾಗಿ ಸಹಿಗೆ ಕಾದಿದ್ದ ಆ ಮಾರ್ಚ್ ರಾತ್ರಿ, ಟ್ರಸ್ಟಿಗಳು ಎದ್ದು ಹೋದ ಮೇಲೂ ಅಕ್ಕ ಕೂತೇ ಇದ್ದರು. ಬೆಳಗಾಗುವಷ್ಟರಲ್ಲಿ ಒಂದು ಉದ್ದ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದ್ದರು. ಎಡಗಡೆ, ಇಂಥದ್ದಕ್ಕೇ ಎಂದು ಕೊಟ್ಟ ಹಣ. ಬಲಗಡೆ, ಯಾವುದಕ್ಕಾದರೂ ಬಳಸಬಹುದಾದ ಹಣ. ‘ಬ್ಯಾಂಕಲ್ಲಿ ಇದೆಯಲ್ಲ’ ಎಂದು ನಾವು ಧೈರ್ಯ ತಂದುಕೊಳ್ಳುತ್ತಿದ್ದ ಮೊತ್ತದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಎಡಗಡೆ ಹೋಗಿ ಕೂತಿತ್ತು. ‘ಸಂಬಳ ಯಾರ ದುಡ್ಡಲ್ಲಿ ಕೊಡ್ತಿದ್ದೀರಿ?’ ಎಂದು ಒಂದೇ ಮಾತು ಕೇಳಿದರು. ಯಂತ್ರಕ್ಕೆಂದು ಬಂದದ್ದರಲ್ಲಿ ಸಂಬಳ, ಮುಂದಿನ ಯೋಜನೆಯ ಮುಂಗಡದಲ್ಲಿ ಯಂತ್ರ. ಖಾತೆ ಒಂದೇ ಆಗಿದ್ದರಿಂದ ತೂತು ಕಾಣುತ್ತಲೇ ಇರಲಿಲ್ಲ. ಮಾರನೇ ವಾರವೇ ನಿಗದಿತ ಹಣಕ್ಕೆ ಬೇರೆ ಖಾತೆ ಆಯಿತು.

ಆಮೇಲೆ ಒಂದು ಮನೆಭೇಟಿಗೆ ನಿಜವಾಗಿ ಎಷ್ಟು ತಗಲುತ್ತದೆ ಎಂದು ಕೂಡಿಸಿದರು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಅಗ್ಗ. ಅದರ ಜೊತೆ ತಪ್ಪದೆ ಕೊಡಬೇಕಾದ ಮಲಬದ್ಧತೆಯ ಔಷಧಿಯೂ ಅಗ್ಗವೇ. ವಾಸನೆ ಬರುವ ಹುಣ್ಣಿನ ಮೇಲೆ ಪುಡಿ ಮಾಡಿ ಉದುರಿಸುವ ಮೆಟ್ರೊನಿಡಜೋಲ್‌ಗಂತೂ ಚಿಲ್ಲರೆ ಕಾಸು. ದುಬಾರಿ ಯಾವುದೆಂದರೆ ಅದನ್ನು ಕೊಡುವ ನರ್ಸಿನ ಅರ್ಧ ದಿನ, ಡೀಸೆಲ್, ಟೈರು, ಇನ್ಶೂರೆನ್ಸು. ನಾವು ದಾನಿಗಳ ಮುಂದೆ ಇಡುತ್ತಿದ್ದದ್ದು ಔಷಧಿಯ ಬಿಲ್ಲನ್ನು ಮಾತ್ರ, ನರ್ಸ್ ಸಂಬಳವನ್ನು ‘ಆಡಳಿತ ವೆಚ್ಚ’ಕ್ಕೆ ತಳ್ಳಿ ಸಂಕೋಚಪಡುತ್ತಿದ್ದೆವು. ನರ್ಸ್ ಹೋಗುವುದೇ ಸೇವೆ ಅಲ್ಲವೇ? ಆಕೆಯ ಸಂಬಳ, ಡೀಸೆಲ್ಲು ಎರಡೂ ಭೇಟಿಯ ಲೆಕ್ಕಕ್ಕೆ ಬಂದವು, ಪ್ರತಿ ಅರ್ಜಿಯಲ್ಲೂ ಅದೇ ದರ ಹೋಯಿತು. ಎರಡನೇ ವ್ಯಾನ್ ದಾನ ಬಂದಾಗ ಅಕ್ಕ ಬೇಡವೆಂದರು. ಬಾಗಿಲ ಮೇಲೆ ಹೆಸರು ಬರೆಸುವವರು ಬಹಳ, ಡ್ರೈವರ್ ಸಂಬಳ ಕೊಡುವವರು ಕಮ್ಮಿ.

ಯಾವ ಬಾಕಿ ಮೊದಲು ಅನ್ನೋದಕ್ಕೂ ಅವರದೇ ಕ್ರಮ. ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) 7ನೇ ತಾರೀಕಿನೊಳಗೆ, ಪಿಎಫ್ (ಭವಿಷ್ಯನಿಧಿ) 15ರೊಳಗೆ. ಇವೆರಡನ್ನು ಮುಟ್ಟುವ ಹಾಗೇ ಇಲ್ಲ, ಸಂಬಳದಿಂದ ಹಿಡಿದುಕೊಂಡದ್ದು ನೌಕರರ ಹಣ. ಕಷ್ಟದಲ್ಲಿರುವ ಟ್ರಸ್ಟ್‌ಗಳು ಮೊದಲು ಕೈ ಹಾಕುವುದೂ ಅಲ್ಲಿಗೇ. ಆಮೇಲೆ ನೋವಿನ ಔಷಧಿ, ಆಮೇಲೆ ಕಮ್ಮಿ ಸಂಬಳದವರು, ಕೊನೆಗೆ ನಾವು.

ತಿಂಗಳ ದೇಣಿಗೆಯ ಆಟೋ ಡೆಬಿಟ್ ಪದೇ ಪದೇ ಬೌನ್ಸ್ ಆಗುತ್ತಿತ್ತು. ಎಲ್ಲರಿಗೂ ಒಂದೇ ತಾರೀಕು ಇಟ್ಟಿದ್ದೇ ಕಾರಣ. ಪಿಂಚಣಿದಾರರಿಗೆ ತಿಂಗಳ ಮೊದಲಿಗೆ, ಸಂಬಳದವರಿಗೆ 10ರ ಮೇಲೆ ಎಂದು ಬದಲಿಸಿದರು. ದಾನಿಗಳ ಪಟ್ಟಿಯ 10ಬಿಡಿ ಫಾರಂ ಮೇ 31ರೊಳಗೆ ತೆರಿಗೆ ಇಲಾಖೆಗೆ ಹೋಗದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತಿತ್ತು, ಒಂದು ಪ್ಯಾನ್ ಅಕ್ಷರ ತಪ್ಪಿದರೂ ದಾನಿಗೆ ದೇಣಿಗೆಯ ಮೇಲೆ ಸಿಗುವ 80ಜಿ ತೆರಿಗೆ ವಿನಾಯಿತಿ ಕೈತಪ್ಪುವ ಅಪಾಯವಿತ್ತು. ಪ್ಯಾನ್ ನಂಬರನ್ನು ಫೋನಿನಲ್ಲಿ ಎರಡು ಸಲ ಓದಿಸಿಕೊಂಡು ಬರೆದುಕೊಂಡವರು ಅವರು. (ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ 80ಜಿ ಲಾಭವೇ ಇಲ್ಲ. ಆದರೂ ನಿಮ್ಮಲ್ಲಿ ಎಷ್ಟೋ ಜನ ಕೊಡುವುದು ನಿಲ್ಲಿಸಲಿಲ್ಲ.)

ಒಂದು ವಿಷಯ ನಮ್ಮಂಥ ಬೇರೆ ಟ್ರಸ್ಟಿನವರಿಗೂ ತಿಳಿದಿರಲಿ. 2021ರ ಹಣಕಾಸು ಕಾಯ್ದೆ ಬಂದ ಮೇಲೆ ಹಳೆಯ ವರ್ಷಗಳ ಖೋತಾವನ್ನು ಈ ವರ್ಷದ ಆದಾಯದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ‘ಹಿಂದೆ ಕಳಕೊಂಡದ್ದನ್ನು ತುಂಬಿಕೊಂಡೆವು’ ಎಂದು ಹೆಚ್ಚುವರಿಯನ್ನು ಸುಮ್ಮನೆ ಇಟ್ಟುಕೊಂಡರೆ ತೆರಿಗೆ ಬೀಳುತ್ತದೆ. ಆದಾಯದ ಶೇ. 85ರಷ್ಟಾದರೂ ಟ್ರಸ್ಟಿನ ಉದ್ದೇಶಕ್ಕೆ ಖರ್ಚಾಗಬೇಕು, ಇಲ್ಲವೇ ಇಂಥ ಕೆಲಸಕ್ಕೆ ಎಂದು ಮುಂಚಿತವಾಗಿ ಫಾರಂ ಕೊಟ್ಟು ತೆಗೆದಿಡಬೇಕು. ಖರ್ಚು ಲೆಕ್ಕಕ್ಕೆ ಬರುವುದು ಹಣ ನಿಜವಾಗಿ ಪಾವತಿಯಾದ ವರ್ಷದಲ್ಲಿ. ನರ್ಸ್‌ಗಳ ಬಾಕಿಯನ್ನು ಮಾರ್ಚ್ 31ರೊಳಗೇ ತೀರಿಸಬೇಕೆಂದು ಅಕ್ಕ ಹಟ ಹಿಡಿದದ್ದು ಅದಕ್ಕೆ.

ಇದೆಲ್ಲ ಬರೆಯುವಾಗ ಒಂದನ್ನು ಮುಚ್ಚಿಡಲಾಗದು. ಡೀಸೆಲ್ ಇಲ್ಲದೆ ವ್ಯಾನ್ ನಿಂತ ದಿನಗಳಿದ್ದವು. ಆ ದಿನಗಳಲ್ಲೂ ಫೋನ್ ಬರುತ್ತಿತ್ತು, ‘ಸಿಸ್ಟರ್ ಎಷ್ಟೊತ್ತಿಗೆ ಬರ್ತಾರೆ?’ ಅಂತ. ‘ನಾಳೆ’ ಅಂದಿದ್ದೇವೆ. ಕ್ಷಮೆ ಕೇಳೋಣವೆಂದರೆ ಅವರಲ್ಲಿ ಹಲವರು ಈಗಿಲ್ಲ. ಅವರ ಮನೆಯವರು ಇದನ್ನು ಓದುತ್ತಿದ್ದರೆ, ತಪ್ಪು ನಮ್ಮದೇ.

ಈಗ ವ್ಯಾನ್ ವಾರಕ್ಕೆ ಐದು ದಿನ ಹೊರಡುತ್ತಿದೆ. ಅಂಗಡಿಯವರ ಹಳೇ ಉದ್ರಿ ಇನ್ನೂ ಪೂರ್ತಿ ತೀರಿಲ್ಲ, ಕಂತಿನಲ್ಲಿ ಹೋಗುತ್ತಿದೆ. ಈ ಬರಹದ ಕರಡನ್ನು ಅಕ್ಕನಿಗೆ ತೋರಿಸಿದೆವು. ಹೊಗಳಿಕೆಯ ಸಾಲುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋದವರು, ನಾವು ‘ಉಳಿತಾಯ’ ಎಂದು ಬರೆದಿದ್ದ ಒಂದು ಕಡೆ ನಿಂತು, ಅದನ್ನು ಹೊಡೆದುಹಾಕಿ ‘ಹೆಚ್ಚುವರಿ’ ಎಂದು ತಿದ್ದಿದರು.