ಬಡಾವಣೆಯ ಉದ್ಯಾನದಲ್ಲೇ ಶಿಶುವಿಹಾರ ನಡೆಯಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಮನೆಗಳ ನೆಲಮಹಡಿ, ವಾಹನ ನಿಲುಗಡೆಯ ಜಾಗಗಳಲ್ಲೆಲ್ಲ ಶಿಶುವಿಹಾರಗಳು ತಲೆಯೆತ್ತುತ್ತಿದ್ದು, ಎಷ್ಟೋ ಮಕ್ಕಳು ಮಣ್ಣು ಮುಟ್ಟದೆಯೇ ಒಂದನೇ ತರಗತಿ ಸೇರುತ್ತಿದ್ದಾರೆ. ನಿಸರ್ಗದ ನಡುವೆ ಕಲಿಸುವ ಶಾಲೆ ಬೇಕೆಂದರೆ ನಗರದ ಹೊರವಲಯಕ್ಕೇ ಹೋಗಬೇಕು. ಅಲ್ಲಿನ ಶುಲ್ಕ ಕೇಳಿದರೆ ಮಧ್ಯಮ ವರ್ಗದವರೂ ಹಿಂದೆ ಸರಿಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಹಂತಕ್ಕೆ ಆಟ ಹಾಗೂ ಚಟುವಟಿಕೆ ಆಧಾರಿತ ಕಲಿಕೆಯನ್ನೇ ಹೇಳಿದೆ. ಅದಕ್ಕೆ ಬಣ್ಣಬಣ್ಣದ ಪ್ಲಾಸ್ಟಿಕ್ ಸಾಮಗ್ರಿಯೇ ಆಗಬೇಕೆಂದಿಲ್ಲ. ನಮ್ಮ ರಸ್ತೆಬದಿಯ ಹೊಂಗೆ ಮರವನ್ನೇ ನೋಡಿ: ಬುಡದಲ್ಲಿ ಹಾಸಿದ ನಸುಗುಲಾಬಿ ಹೂ, ಒಣಗಿದ ಕಾಯಿ, ಕಾಂಡದ ಮೇಲೆ ಸಾಲು ಹಿಡಿದ ಇರುವೆ. ಉದುರಿದ ಕಾಯಿಗಳನ್ನು ಹತ್ತರ ಗುಂಪು ಮಾಡಿ ಜೋಡಿಸುವ ಮಗು ಲೆಕ್ಕವನ್ನೇ ಕಲಿಯುತ್ತಿರುತ್ತದೆ. ಕಡ್ಡಿಯಿಂದ ಮಣ್ಣಿನ ಮೇಲೆ ಗೀಚುವ ಕೈ ಅಕ್ಷರಕ್ಕೆ ಹದಗೊಳ್ಳುತ್ತದೆ. ಬಟ್ಟೆ ಕೊಳೆಯಾಯಿತೆಂಬ ಪೋಷಕರ ದೂರು ಬಂದೇ ಬರುತ್ತದೆ, ಬರಲಿ.

ಇದಕ್ಕೆ ಹೊಸ ಕಟ್ಟಡವೇನೂ ಬೇಡ. ಶೌಚಾಲಯ, ಕುಡಿಯುವ ನೀರು, ಮಳೆ ಬಂದರೆ ನಿಲ್ಲಲು ಒಂದು ಚಾವಣಿ ಇರುವ ಉದ್ಯಾನಗಳನ್ನು ಪಾಲಿಕೆಗಳು ಗುರುತಿಸಿ, ಸಮೀಪದ ಅಂಗನವಾಡಿಗಳಿಗೆ ಬೆಳಗಿನ ಎರಡು ಗಂಟೆ ಬಿಟ್ಟುಕೊಡಲಿ. ಹದಿನೈದು–ಇಪ್ಪತ್ತು ಮಕ್ಕಳ ಸಣ್ಣ ಶಾಲೆ ತೆರೆಯಲು ಮುಂದೆ ಬರುವ ಶಿಕ್ಷಕಿಯರಿಗೂ, ಶುಲ್ಕಕ್ಕೆ ಮಿತಿ ಹಾಕಿ, ಇದೇ ಅವಕಾಶ ಕೊಡಬಹುದು. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳು ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲೇ ಇರುವುದರಿಂದ, ಪ್ರಯೋಗವನ್ನು ಅಲ್ಲಿಂದಲೇ ಆರಂಭಿಸಲಿ.

– ಒಬ್ಬ ಓದುಗ, ಬೆಂಗಳೂರು